ಚೌಕ ಬ್ರಾಕೆಟ್ ಕೂಡ ಟೈಪ್ ಮಾಡ್ಬೇಕಾ ಅಕ್ಕಾ?

ಹಿಂದೆ ಕೇಳಿಸುತ್ತಿರುವುದು ಮಳೆ. ಚಿಕ್ಕಮಗಳೂರಲ್ಲಿ ಜುಲೈ ಅಂದ್ರೆ ಹೀಗೇ. ಮುಳ್ಳಯ್ಯನಗಿರಿ ಬೆಳಿಗ್ಗೆಯಿಂದ ಮುಖ ತೋರಿಸಿಲ್ಲ, ಕರೆಂಟು ಎರಡು ಸಲ ಹೋಗಿ ಬಂದಿದೆ. ಹಾಗಾಗಿ ಇವತ್ತು ಗುಡ್ಡ ಇಲ್ಲ, ನನ್ನ ಮೇಜನ್ನೇ ನೋಡಿ.

ನಾನೊಂದು ಸಣ್ಣ ಬ್ಯಾಕಪ್ ಟೂಲ್ ಬರೆದಿದ್ದೇನೆ. ಕಮಾಂಡ್ ಲೈನಿನದು. ಒತ್ತೋಕೆ ಬಟನ್ ಇಲ್ಲ, ಎಲ್ಲ ಟೈಪ್ ಮಾಡಬೇಕು. ಒಳಗೆ ದುಡಿಯುವುದು ಆರ್‌ಸಿಂಕ್, ಅಂದ್ರೆ ಫೈಲುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡುವ ಪ್ರೋಗ್ರಾಂ. ಇದರ ಡಾಕ್ಯುಮೆಂಟೇಶನ್ ಬರೆದಿದ್ದೂ ನಾನೇ, ಚೆನ್ನಾಗಿದೆ ಅಂದುಕೊಂಡಿದ್ದೂ ನಾನೇ.

ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಚಿಕ್ಕಪ್ಪನ ಮಗಳು ರಜೆಗೆ ಬಂದಿದ್ದಾಳೆ. ಅವಳ ಮುಂದೆ ಲ್ಯಾಪ್‌ಟಾಪ್ ಇಟ್ಟು, ‘ಇದರಲ್ಲಿ ಇರೋ ಹಾಗೆ ಮಾಡ್ತಾ ಹೋಗು, ನಾನು ಬಾಯಿ ಬಿಡೋಲ್ಲ’ ಅಂದೆ.

ಎರಡನೇ ಸಾಲಿಗೇ ನಿಂತಳು. ‘ಅಕ್ಕಾ, ಈ ಚೌಕ ಬ್ರಾಕೆಟ್ ಕೂಡ ಟೈಪ್ ಮಾಡ್ಬೇಕಾ?’

ನಾನು ಮಾತಾಡಲಿಲ್ಲ. ಅವಳು ಬ್ರಾಕೆಟ್ ಸಮೇತ ಹೊಡೆದಳು. ಅಂಥ ಫೈಲೇ ಇಲ್ಲ ಅಂತ ಎರರ್ ಬಂತು.

ಬ್ರಾಕೆಟ್ ಒಳಗಿರುವುದು ಬೇಕಿದ್ದರೆ ಹಾಕಿ, ಇಲ್ಲದಿದ್ದರೆ ಬಿಡಿ ಅಂತ ಅರ್ಥ. ಪಕ್ಕದಲ್ಲಿ ಮೂರು ಚುಕ್ಕಿ ಇದ್ದರೆ ಒಂದಕ್ಕಿಂತ ಜಾಸ್ತಿ ಕೊಡಬಹುದು. ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿಗೆ ಕೆನ್ ಥಾಂಪ್ಸನ್, ಡೆನಿಸ್ ರಿಚಿ 1971ರ ನವೆಂಬರ್ 3ರಂದು ತಂದ ಮೊದಲ ಮ್ಯಾನುಯಲ್‌ನಲ್ಲೇ ಈ ಪದ್ಧತಿ ಇದೆ. ನನಗೆ ಎಷ್ಟು ರೂಢಿಯಾಗಿದೆ ಅಂದ್ರೆ, ಇದನ್ನು ಹೇಳಬೇಕು ಅಂತಲೇ ಹೊಳೆದಿರಲಿಲ್ಲ. ಈಗ ಒಂದು ಸಾಲು ಸೇರಿಸಿದೆ.

ಆದರೆ ಅಸಲಿ ತಲೆನೋವು ಸ್ಲ್ಯಾಶ್, ಅದೇ ಓರೆಗೆರೆ. ಮೂಲ ಫೋಲ್ಡರ್, ಅಂದ್ರೆ ಎಲ್ಲಿಂದ ಕಾಪಿ ಆಗಬೇಕೋ ಅದರ ಹೆಸರಿನ ಕೊನೆಗೆ ಸ್ಲ್ಯಾಶ್ ಹಾಕಿದರೆ ಆರ್‌ಸಿಂಕ್ ಒಳಗಿನ ಫೈಲುಗಳನ್ನಷ್ಟೇ ಕಳಿಸುತ್ತದೆ. ಹಾಕದಿದ್ದರೆ ಫೋಲ್ಡರನ್ನೇ ಎತ್ತಿಕೊಂಡು ಹೋಗುತ್ತದೆ. ನಾನು ಬರೆದಿದ್ದು ಏನು ಗೊತ್ತಾ? ‘ಮೂಲ ಫೋಲ್ಡರ್ ಕೊಡಿ.’ ಅಷ್ಟೇ! ಅವಳು ಸ್ಲ್ಯಾಶ್ ಹಾಕಿದಳು. ಪರೀಕ್ಷೆಗೆ ಇಟ್ಟಿದ್ದ ಫೋಟೋಗಳೆಲ್ಲ ಬ್ಯಾಕಪ್ ಡಿಸ್ಕ್ ತುಂಬ ಚೆಲ್ಲಾಪಿಲ್ಲಿ.

ಇದನ್ನು ಮೂರು ಥರ ತಿದ್ದಿ ಬರೆದೆ, ಯಾವುದೂ ಅವಳ ತಲೆಗೆ ಹೋಗಲಿಲ್ಲ. ಕೊನೆಗೆ ಕಾಫಿ ಮೂಟೆ ನೆನಪಾಯಿತು. ಸ್ಲ್ಯಾಶ್ ಇಲ್ಲ ಅಂದ್ರೆ ಮೂಟೇನೇ ತಂದು ಗೋದಾಮಲ್ಲಿ ಇಟ್ಟ ಹಾಗೆ. ಸ್ಲ್ಯಾಶ್ ಇದ್ದರೆ ಮೂಟೆ ಬಿಚ್ಚಿ ಗೋದಾಮಿನ ನೆಲಕ್ಕೆ ಸುರಿದ ಹಾಗೆ. ‘ಓ, ಇಷ್ಟೇನಾ’ ಅಂದಳು. ತೋಟದ ಮನೆಯ ಹುಡುಗಿ ಅಲ್ವಾ.

ಡಿಲೀಟ್ ಆಪ್ಷನ್ ವಿಷಯ ಇನ್ನೂ ಹುಷಾರು. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುರಿ ಫೋಲ್ಡರಿಂದ ಅಳಿಸಿಬಿಡುತ್ತದೆ. ನನ್ನ ಎಚ್ಚರಿಕೆ ಕಮಾಂಡಿನ ಕೆಳಗಿತ್ತು. ಜನ ಕಮಾಂಡ್ ಕಾಪಿ ಮಾಡಿ ಎಂಟರ್ ಹೊಡೆದ ಮೇಲೆ ಕೆಳಗೆ ಓದುತ್ತಾರೆ, ನಾನೂ ಅಷ್ಟೇ. ಅದಕ್ಕೆ ಎಚ್ಚರಿಕೆಯನ್ನು ಮೇಲೆ ತಂದೆ. ಮೊದಲ ಉದಾಹರಣೆಗೇ ಡ್ರೈ ರನ್ ಸೇರಿಸಿದೆ. ಅದು ಏನೇನು ಮಾಡುತ್ತೇನೆ ಅಂತ ಪಟ್ಟಿ ಓದುತ್ತದೆ, ಏನನ್ನೂ ಮುಟ್ಟುವುದಿಲ್ಲ.

ಆ 1971ರ ಮ್ಯಾನುಯಲ್‌ನಲ್ಲಿ ಬಗ್ಸ್ ಅಂತಲೇ ಒಂದು ತಲೆಬರಹ ಇತ್ತು. ನಮ್ಮ ದೋಷ ನಾವೇ ಬರೆದಿಡೋದು, ನನಗೆ ತುಂಬ ಇಷ್ಟ. ಇವತ್ತು ನನ್ನದರಲ್ಲೂ ಸೇರಿಸಿದೆ. ಮೊದಲ ಸಾಲು: ‘ಕೊನೆಯ ಸ್ಲ್ಯಾಶ್ ವಿಷಯದಲ್ಲಿ ತಪ್ಪಿದರೆ ಈ ಟೂಲ್ ಎಚ್ಚರಿಸುವುದಿಲ್ಲ.’

ಅವಳು ಪಕ್ಕದಿಂದ ಇಣುಕಿ ನೋಡಿದಳು. ‘ಎಚ್ಚರಿಸೋ ಹಾಗೆ ಮಾಡಬಹುದಲ್ವಾ ಅಕ್ಕಾ?’

ಮಾಡಬಹುದು. ಮತ್ತೆ ಹೋಗಿರೋ ಕರೆಂಟ್ ಬರಲಿ.