ಅಲುಗದ 98

ಕೇಳುಗರೆಲ್ಲರಿಗೂ ನಮಸ್ಕಾರ.

ಆಸ್ಪತ್ರೆಯ ಯಂತ್ರಗಳನ್ನು ಟೆಸ್ಟ್ ಮಾಡುವುದು ನನ್ನ ಕೆಲಸ. ಇಲ್ಲೇ ಪೀಣ್ಯದ ಒಂದು ಲ್ಯಾಬಿನಲ್ಲಿ. ಐಸಿಯು ಮಾನಿಟರ್, ಔಷಧಿ ಇಳಿಸುವ ಪಂಪು, ಇಂಥವು. ಈಗ ಇವುಗಳಲ್ಲಿ ಎಷ್ಟೋ ವೈಫೈಗೆ ಸೇರಿಕೊಂಡಿವೆ.

ಪಂಪನ್ನು ಹೇಗೆ ನೋಡುತ್ತೇವೆ ಗೊತ್ತಾ? ಗಂಟೆಗೆ 5 ಮಿಲಿ ಎಂದು ಸೆಟ್ ಮಾಡಿ, ತಕ್ಕಡಿಯ ಮೇಲೆ ಬೀಕರ್ ಇಡುತ್ತೇವೆ. ಗಂಟೆಯಲ್ಲಿ ಸುಮಾರು 5 ಗ್ರಾಂ ನೀರು ಬೀಳಬೇಕು. ಬಿದ್ದ ನೀರು ಆವಿಯಾದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಮೇಲೆ ತೆಳ್ಳಗೆ ಎಣ್ಣೆ ಬಿಟ್ಟಿರುತ್ತೇವೆ. ಆಮೇಲೆ ಟ್ಯೂಬಿಗೆ ಬೇಕೆಂದೇ ಕ್ಲಿಪ್ ಹಾಕಿ ಮುಚ್ಚಿ, ಅಲಾರಂ ಎಷ್ಟು ಹೊತ್ತಿಗೆ ಕೂಗುತ್ತದೆ ಅಂತ ಕಾಯುತ್ತೇವೆ. ಕರೆಂಟ್ ತೆಗೆಯುತ್ತೇವೆ. ಮಳೆಗಾಲದ ಬೆಂಗಳೂರು, ಜನರೇಟರ್ ಶುರುವಾಗುವ ತನಕ ಪಂಪು ಬ್ಯಾಟರಿ ಮೇಲೆ ನಡೆಯಲೇಬೇಕು.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಒಂದು ಮಾನಿಟರ್. ನನ್ನ ಬೆರಳಿಗೇ ಕ್ಲಿಪ್ ಹಾಕಿಕೊಂಡಿದ್ದೆ. ಆಕ್ಸಿಜನ್ 98. ಮಾನಿಟರ್ ವೈಫೈ ಮೂಲಕ ಅಂಕಿ ಕಳಿಸುವ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲೂ 98. ರೌಟರಿನ ಪ್ಲಗ್ ಕಿತ್ತೆ. ಬೆರಳಿನ ಕ್ಲಿಪ್ಪನ್ನೂ ತೆಗೆದಿಟ್ಟೆ. ಹೋಗಿ ನೋಡಿದರೆ ಕಂಪ್ಯೂಟರಿನಲ್ಲಿ ಇನ್ನೂ 98, ಹಸಿರು ಬಣ್ಣದಲ್ಲಿ. ನಾಲ್ಕು ನಿಮಿಷ ಹಾಗೇ ಇತ್ತು! ರಾತ್ರಿ ಪಾಳಿಯಲ್ಲಿ ಹತ್ತು ಹಾಸಿಗೆ ನೋಡಿಕೊಳ್ಳುವ ನರ್ಸ್ ಆ ಹಸಿರನ್ನು ನಂಬದೆ ಇನ್ನೇನು ಮಾಡಬೇಕು? ಯಂತ್ರ ಕೆಟ್ಟರೆ ಗೊತ್ತಾಗುತ್ತದೆ. ಕೆಟ್ಟಿದ್ದೂ ಸರಿಯಿದ್ದಂತೆ ಕಂಡರೆ ಯಾರಿಗೆ ಗೊತ್ತಾಗಬೇಕು?

ತಯಾರಕರು, "ಪರವಾಗಿಲ್ಲ, ಆಮೇಲೆ ಅಪ್‌ಡೇಟ್ ಕೊಡುತ್ತೇವೆ" ಎಂದರು. ಅದು ಅಷ್ಟು ಸುಲಭವಲ್ಲ. 2017ರಲ್ಲಿ ಅಮೆರಿಕದಲ್ಲಿ ಸುಮಾರು 4.65 ಲಕ್ಷ ಪೇಸ್‌ಮೇಕರ್‌ಗಳಲ್ಲಿ, ಹೊರಗಿನವರು ಒಳನುಗ್ಗಬಹುದಾದ ದೋಷವೊಂದಕ್ಕೆ ಅಪ್‌ಡೇಟ್ ಬಂತು. ಆ ದೋಷದಿಂದ ಯಾರಿಗೂ ಹಾನಿಯಾದ ವರದಿ ಇರಲಿಲ್ಲ, ನಿಜ. ಆದರೆ ಮನೆಯಲ್ಲೇ ಕೂತು ಅಪ್‌ಡೇಟ್ ಹಾಕಿಕೊಳ್ಳುವ ಹಾಗಿರಲಿಲ್ಲ, ವೈದ್ಯರ ಬಳಿಗೇ ಹೋಗಬೇಕಿತ್ತು. ಅಪ್‌ಡೇಟ್ ಆಗುವ ಆ ಮೂರು ನಿಮಿಷ ಪೇಸ್‌ಮೇಕರ್ ನಿಮಿಷಕ್ಕೆ 67ರ ಒಂದೇ ಲೆಕ್ಕದಲ್ಲಿ ಬಡಿಯುತ್ತಿತ್ತು. ಫೋನಿನ ಆ್ಯಪ್ ಬದಲಿಸಿದ ಹಾಗಲ್ಲ ಇದು, ಅಲ್ವಾ?

ಮಾನಿಟರ್ ಪಾಸಾಗಿದೆ ಎಂದು ನಾನು ಸಹಿ ಹಾಕಲಿಲ್ಲ. ಮಾತು ಸ್ವಲ್ಪ ಜೋರಾಗಿಯೇ ನಡೆಯಿತು.

ಮೂರು ವಾರದ ಮೇಲೆ ಅದೇ ಮಾನಿಟರ್ ಮತ್ತೆ ಬಂತು. ಕ್ಲಿಪ್ ಹಾಕಿಕೊಂಡೆ, ಪ್ಲಗ್ ಕಿತ್ತೆ. ಹತ್ತು ಸೆಕೆಂಡಿನೊಳಗೆ ಪಕ್ಕದ ಕೋಣೆಯಿಂದ ಅಲಾರಂ ಕೇಳಿಸಿತು. ಅಂಕಿ ಹೋಗಿ, ಆ ಜಾಗದಲ್ಲಿ ಎರಡು ಗೆರೆ. ಪ್ಲಗ್ ಮತ್ತೆ ಹಾಕಿದೆ, ಮತ್ತೆ ಕಿತ್ತೆ. ಸಂಜೆಯ ಹೊತ್ತಿಗೆ ನಲವತ್ತು ಸಲ ಆಗಿತ್ತು. ನಲವತ್ತು ಸಲವೂ ಅದು ಕೂಗಿತು.

ನಮಸ್ಕಾರ.