ಆ ಪುಸ್ತಕವನ್ನು ನಿಮ್ಮ ಕೈಗಿತ್ತವರು ಯಾರು?

ಎಲ್ಲರಿಗೂ ನಮಸ್ಕಾರ. 'ನನ್ನ ಬದುಕನ್ನು ರೂಪಿಸಿದ ಹತ್ತು ಪುಸ್ತಕಗಳು' ಎಂಬ ಪಟ್ಟಿಗಳನ್ನು ನೀವೆಲ್ಲ ನೋಡಿರುತ್ತೀರಿ. ವರ್ಷದ ಕೊನೆ ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿಯೂ ಫೇಸ್‌ಬುಕ್ಕಿನಲ್ಲಿಯೂ ಇಂಥ ಪಟ್ಟಿಗಳು ಸಾಲುಗಟ್ಟಿ ಬರುತ್ತವೆ. ನಾನೂ ಅವನ್ನು ಆಸೆಯಿಂದ ಓದುತ್ತೇನೆ, ಓದಿರದ ಪುಸ್ತಕದ ಹೆಸರು ಕಂಡರೆ ಬರೆದಿಟ್ಟುಕೊಳ್ಳುತ್ತೇನೆ. ಆದರೆ ಓದಿ ಮುಗಿಸಿದಾಗಲೆಲ್ಲ ಒಂದು ಕೊರತೆ ಕಾಡುತ್ತದೆ. ಪುಸ್ತಕದ ಹೆಸರಿರುತ್ತದೆ, ಬರೆದವರ ಹೆಸರಿರುತ್ತದೆ, ಓದಿದ ಮೇಲೆ ತಮಗೆ ಏನಾಯಿತು ಎಂಬ ವಿವರವೂ ಇರುತ್ತದೆ. ಆ ಪುಸ್ತಕ ಯಾರ ಕೈಯಿಂದ ಬಂತು ಎಂಬುದು ಮಾತ್ರ ಇರುವುದಿಲ್ಲ. ಇವತ್ತು ನಾನು ಮಾತನಾಡಬೇಕೆಂದಿರುವುದು ಹಾಗೆ ಬಿಟ್ಟುಹೋದ ಹೆಸರುಗಳ ಬಗ್ಗೆ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ, ತಮ್ಮ ಮೇಲೆ ಆಳವಾದ ಪ್ರಭಾವ ಬೀರಿದ ಆಧುನಿಕರು ಮೂವರು ಎಂದು ಹೇಳುತ್ತಾರೆ. ಜೈನ ಚಿಂತಕ ರಾಯಚಂದಭಾಯಿಯವರು ಒಡನಾಟದಿಂದ, ಟಾಲ್‌ಸ್ಟಾಯ್ ಮತ್ತು ರಸ್ಕಿನ್ ತಲಾ ಒಂದೊಂದು ಪುಸ್ತಕದಿಂದ. ಒಬ್ಬ ಮನುಷ್ಯನನ್ನೂ ಎರಡು ಪುಸ್ತಕಗಳನ್ನೂ ಅವರು ಒಂದೇ ಸಾಲಿನಲ್ಲಿ ಕೂರಿಸಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ಅದರಲ್ಲಿ ಇಂಗ್ಲಿಷ್ ಲೇಖಕ ರಸ್ಕಿನ್ನನ ಪುಸ್ತಕ 'ಅನ್‌ಟು ದಿಸ್ ಲಾಸ್ಟ್' ಅವರಿಗೆ ದೊರೆತ ಬಗೆಯನ್ನು ನೋಡಿ. 1904ರಲ್ಲಿ ಅವರು ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೊರಟಿದ್ದಾಗ, ಬೀಳ್ಕೊಡಲು ರೈಲು ನಿಲ್ದಾಣಕ್ಕೆ ಬಂದ ಗೆಳೆಯ ಹೆನ್ರಿ ಪೋಲಾಕ್, ದಾರಿಯಲ್ಲಿ ಓದಿಕೊಳ್ಳಿ ಎಂದು ಆ ಪುಸ್ತಕವನ್ನು ಕೈಗಿತ್ತರು. ಇಪ್ಪತ್ನಾಲ್ಕು ಗಂಟೆಗಳ ಪ್ರಯಾಣ. ಓದಲು ತೊಡಗಿದ ಮೇಲೆ ಕೆಳಗಿಡಲು ಆಗಲಿಲ್ಲ, ಆ ರಾತ್ರಿ ನಿದ್ದೆಯೂ ಬರಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ ಎಂಬ ಮಾತು ತಮಗೆ ಮೊದಲು ಮಸುಕಾಗಿ ಮಾತ್ರ ಹೊಳೆದಿತ್ತು, ದೈಹಿಕ ದುಡಿಮೆಯ ಬಾಳೇ ಬಾಳಲು ಯೋಗ್ಯವಾದದ್ದು ಎಂಬುದು ಎಂದೂ ಹೊಳೆದಿರಲಿಲ್ಲ ಎಂದು ಅವರು ಬರೆಯುತ್ತಾರೆ. ಅದೇ ವರ್ಷ, ಎಲ್ಲರೂ ಕೈಯಾರೆ ದುಡಿದು ಒಟ್ಟಿಗೆ ಬಾಳುವ ಫೀನಿಕ್ಸ್ ನೆಲೆ ಹುಟ್ಟಿತು. ತಮ್ಮೊಳಗೆ ಆಗಲೇ ಇದ್ದ ನಂಬಿಕೆಗಳನ್ನೇ ಆ ಪುಸ್ತಕದಲ್ಲಿ ಕಂಡೆ ಎಂದೂ ಗಾಂಧೀಜಿ ಹೇಳಿದ್ದಾರೆ. ಅವರೊಳಗೆ ಏನು ಕುದಿಯುತ್ತಿದೆ ಎಂಬುದರ ಸುಳಿವು ಆ ಗೆಳೆಯನಿಗೆ ಸಿಕ್ಕಿದ್ದಿರಬೇಕು ಎಂದು ನಾನು ಊಹಿಸುತ್ತೇನೆ. ಇಲ್ಲದಿದ್ದರೆ ಲಕ್ಷಾಂತರ ಪುಸ್ತಕಗಳಿರುವ ಜಗತ್ತಿನಲ್ಲಿ ಆ ಒಂದನ್ನೇ ಏಕೆ ತರಬೇಕಿತ್ತು?

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಲಕುವುದು ಅಂಬೇಡ್ಕರರ ಪ್ರಸಂಗ. ಮುಂಬೈಯಲ್ಲಿ ಓದುತ್ತಿದ್ದ ಹುಡುಗ ಶಾಲಾ ಪರೀಕ್ಷೆಯಲ್ಲಿ ತೇರ್ಗಡೆಯಾದನೆಂದು ಅವನ ಸಮುದಾಯದವರು ಒಂದು ಅಭಿನಂದನೆಯ ಸಭೆ ಏರ್ಪಡಿಸುತ್ತಾರೆ. ಬೇರೆ ಸಮುದಾಯಗಳಲ್ಲಿ ಅದು ಸಭೆ ಸೇರಿಸುವಷ್ಟು ದೊಡ್ಡ ವಿಷಯವಲ್ಲ. ಇಲ್ಲಿ ಅದು ಅಪರೂಪದ ಘಟನೆ. ಆ ಸಭೆಯಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಹಿರಿಯರು ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯ ಒಂದು ಪ್ರತಿಯನ್ನು ಹುಡುಗನಿಗೆ ಉಡುಗೊರೆಯಾಗಿ ಕೊಡುತ್ತಾರೆ. ತಾವು ಬುದ್ಧನ ಕಡೆಗೆ ತಿರುಗಿದ್ದು ಆ ಪುಸ್ತಕದಿಂದ ಎಂದು ಅಂಬೇಡ್ಕರರು ತಮ್ಮ ಕೊನೆಯ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ನೆನೆಯುತ್ತಾರೆ. ಬರೋಡದ ಮಹಾರಾಜರಿಂದ ಕಾಲೇಜು ಓದಿಗೆ ನೆರವು ದೊರೆಯುವಂತೆ ಮಾಡುವುದರಲ್ಲಿಯೂ ಕೇಳುಸ್ಕರರ ಕೈ ಇತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಅಂಬೇಡ್ಕರರು ಬೌದ್ಧ ಧರ್ಮವನ್ನು ಸ್ವೀಕರಿಸಿದಾಗ, ಆ ಪುಸ್ತಕವನ್ನು ಕೊಟ್ಟ ಹಿರಿಯರು ಬದುಕಿರಲಿಲ್ಲ. ಒಂದು ಪುಸ್ತಕ ಒಬ್ಬ ಹುಡುಗನ ಒಳಗೆ ಐವತ್ತು ವರ್ಷದಷ್ಟು ಕಾಲ ಕೆಲಸ ಮಾಡುತ್ತಲೇ ಇತ್ತು ಎಂಬುದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಕೇಳುಸ್ಕರರ ಹೆಸರನ್ನು ನಮ್ಮ ಶಾಲಾ ಮಕ್ಕಳಿಗೆ ಹೇಳಿಕೊಡುವವರು ಎಷ್ಟು ಜನರಿದ್ದಾರೆ?

ನಮ್ಮ ಕನ್ನಡಕ್ಕೇ ಬನ್ನಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಾಣಲು ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವನಗಳೊಂದಿಗೆ ಹೋದರು. ಅವರ ಇಂಗ್ಲಿಷ್ ಕವನಗಳ ಪುಟ್ಟ ಸಂಕಲನವೊಂದು ಅದಕ್ಕೆ ಎರಡು ವರ್ಷ ಮೊದಲೇ ಅಚ್ಚಾಗಿತ್ತು. ಓದಿ ನೋಡಿದ ಕಸಿನ್ಸ್, ನಿಮ್ಮ ಭಾಷೆಯಲ್ಲಿ ಏನನ್ನಾದರೂ ಬರೆದಿದ್ದೀರಾ ಎಂದು ಕೇಳಿದರು. ಕನ್ನಡಕ್ಕೆ ಅಂಥ ಶಕ್ತಿಯಿಲ್ಲ ಎಂಬುದು ಆಗಿನ ಕುವೆಂಪು ಅವರ ಎಣಿಕೆ. ಯಾವ ಭಾಷೆಯೂ ತಾನಾಗಿ ಅಶಕ್ತವಲ್ಲ, ಬಳಸುವವನು ಬಂದಾಗ ಅದು ಶಕ್ತಿ ಪಡೆಯುತ್ತದೆ ಎಂಬ ಅರ್ಥದ ಮಾತನ್ನು ಹೇಳಿ, ಬಂಗಾಳಿಯಲ್ಲಿ ಬರೆದ ರವೀಂದ್ರರನ್ನು ಕಸಿನ್ಸ್ ನೆನಪಿಸಿದರು. ಅವರು ಕೊಟ್ಟದ್ದು ಪುಸ್ತಕವಲ್ಲ, ಒಂದು ಪ್ರಶ್ನೆ. ಕನ್ನಡ ಬಾರದ ಪರದೇಶದ ಮನುಷ್ಯನೊಬ್ಬ ಕೇಳಿದ ಆ ಪ್ರಶ್ನೆಯ ಋಣ ನಮ್ಮ ಮೇಲೆ ಎಷ್ಟಿದೆ ಎಂದು ಲೆಕ್ಕ ಹಾಕಲು ಸಾಧ್ಯವಿಲ್ಲ. ಮುಂದೆ ಕುವೆಂಪು ಅವರಿಗೆ ಗುರುವಾಗಿ ದೊರೆತವರು ಟಿ. ಎಸ್. ವೆಂಕಣ್ಣಯ್ಯನವರು. ಅವರು 1939ರಲ್ಲಿ ತೀರಿಕೊಂಡರು; ರಾಮಾಯಣ ದರ್ಶನಂ ಪ್ರಕಟವಾದದ್ದು 1949ರಲ್ಲಿ. ಹತ್ತು ವರ್ಷದ ಹಿಂದೆಯೇ ಅಗಲಿದ್ದ ಗುರುವಿಗೆ ಶಿಷ್ಯ ತನ್ನ ಮಹಾಕಾವ್ಯವನ್ನು ಅರ್ಪಿಸಿದ. ವೆಂಕಣ್ಣಯ್ಯನವರು ತಮ್ಮ ಹೆಸರಿನಲ್ಲಿ ಬರೆದದ್ದು ಕಡಿಮೆ. ಬರೆದ ಪುಟಗಳನ್ನು ಎಣಿಸಿ ಮನುಷ್ಯನನ್ನು ಅಳೆಯುವ ರೂಢಿ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿದೆ. ಅಂಥವರ ವಿಷಯದಲ್ಲಿ ಆ ಅಳತೆಗೋಲು ಕೆಲಸಕ್ಕೆ ಬಾರದು ಎಂದು ನಾನು ತಿಳಿದಿದ್ದೇನೆ.

ಬಿಟ್ಟುಹೋಗುವ ಇಂಥ ಹೆಸರುಗಳನ್ನು ಬಿಡದೆ ಬರೆದಿಟ್ಟವರು ಡಿ. ವಿ. ಗುಂಡಪ್ಪನವರು. ಜ್ಞಾಪಕ ಚಿತ್ರಶಾಲೆಯ ಸಂಪುಟಗಳಲ್ಲಿ ಮೈಸೂರಿನ ದಿವಾನರಿಗೆ ಒಂದು ಸಂಪುಟವಿದೆ, ಹೃದಯ ಸಂಪನ್ನರಿಗೂ ಒಂದು ಸಂಪುಟವಿದೆ. ಒಳ್ಳೆಯ ಹೃದಯವುಳ್ಳವರಾಗಿದ್ದರು ಎಂಬ ಒಂದೇ ಅರ್ಹತೆಯಿಂದ ಜನ ಅಲ್ಲಿ ಸ್ಥಾನ ಪಡೆದಿದ್ದಾರೆ. ಹಾವೇರಿ ಸೀಮೆಯ ಗಳಗನಾಥರಂತೂ ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವರೂ ತಲುಪಿಸಿದವರೂ ಒಬ್ಬರೇ.

ಇನ್ನು ನನ್ನ ಮಾತು. ನಾನು ಹುಟ್ಟಿ ಬೆಳೆದದ್ದು ಹಾಸನ ಜಿಲ್ಲೆಯ ಬಯಲುಸೀಮೆಯ ಒಂದು ಹಳ್ಳಿಯಲ್ಲಿ. ಹಾಲಿನ ಡೇರಿಯ ಪಕ್ಕದ ಒಂದೇ ಕೋಣೆ ನಮ್ಮೂರಿನ ಗ್ರಂಥಾಲಯ. ಎರಡು ಕಬ್ಬಿಣದ ಬೀರು, ಒಂದು ಉದ್ದನೆಯ ಮೇಜು, ದಿನಪತ್ರಿಕೆ ಓದಲು ಬರುವ ಹಿರಿಯರಿಗೆ ಒಂದು ಬೆಂಚು. ಅದನ್ನು ನೋಡಿಕೊಳ್ಳುತ್ತಿದ್ದವರು ಶಿಕ್ಷಕರಲ್ಲದಿದ್ದರೂ ಊರಿಗೆಲ್ಲ ಅವರು ಮೇಷ್ಟ್ರು. ಸಿಗುತ್ತಿದ್ದ ಗೌರವಧನ ಅಷ್ಟಕ್ಕಷ್ಟೇ, ಅದೂ ತಿಂಗಳುಗಟ್ಟಲೆ ತಡವಾಗಿ. ಹರಿಯುವ ಪುಸ್ತಕಗಳಿಗೆಲ್ಲ ಅವರು ಹಳೆಯ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕುತ್ತಿದ್ದರು. ಚಿತ್ರದ ಬದಿ ಒಳಗೆ, ಬಿಳಿಯ ಬದಿ ಹೊರಗೆ, ಅದರ ಮೇಲೆ ನೀಲಿ ಶಾಯಿಯಲ್ಲಿ ದುಂಡಗೆ ಪುಸ್ತಕದ ಹೆಸರು. ರಟ್ಟನ್ನು ಮೆಲ್ಲಗೆ ಬಿಡಿಸಿ ಒಳಗೆ ಲಕ್ಷ್ಮಿಯೋ ವೆಂಕಟರಮಣನೋ ಎಂದು ನೋಡುವುದು ಮಕ್ಕಳಾದ ನಮ್ಮ ಆಟವಾಗಿತ್ತು.

ಎಂಟನೆಯ ತರಗತಿಯಲ್ಲಿದ್ದಾಗ ನಾನೇ ಬೀರುವಿನಿಂದ ಶಿವರಾಮ ಕಾರಂತರ ಮರಳಿ ಮಣ್ಣಿಗೆ ಕಾದಂಬರಿಯನ್ನು ತೆಗೆದುಕೊಂಡು ಹೋಗಿದ್ದೆ. ಮೂವತ್ತು ಪುಟ ದಾಟಲಾಗಲಿಲ್ಲ. ಹಿಂದಿರುಗಿಸಲು ಹೋದಾಗ ಮೇಷ್ಟ್ರು ಒಂದು ಮಾತನ್ನೂ ಕೇಳದೆ ರಿಜಿಸ್ಟರಿನಲ್ಲಿ ಬರೆದುಕೊಂಡರು. ಅದಾಗಿ ಎರಡು ವರ್ಷದ ಮೇಲೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಬಿಸಿಲಿನಲ್ಲಿ ಸುಮ್ಮನೆ ಅಲೆಯುತ್ತಿದ್ದ ನನ್ನನ್ನು ಕರೆದು, ಮೇಜಿನ ಖಾನೆಯಿಂದ ಅದೇ ಪುಸ್ತಕವನ್ನು ತೆಗೆದು ಕೊಟ್ಟು, "ಆಗ ಬೇಡವಾಗಿತ್ತು, ಈಗ ಓದು" ಎಂದರು. ಎರಡು ವರ್ಷ ಹಿಂದೆ ನಾನು ಎಲ್ಲಿ ನಿಲ್ಲಿಸಿದ್ದೆ ಎಂಬುದು ನನಗೇ ಮರೆತುಹೋಗಿತ್ತು, ಅವರಿಗೆ ನೆನಪಿತ್ತು. ಯಾವ ಹುಡುಗರಿಗೆ ಯಾವ ಪುಸ್ತಕ ಯಾವಾಗ ಎಂಬುದನ್ನು ಒಬ್ಬ ಮನುಷ್ಯ ತನ್ನ ಮನಸ್ಸಿನಲ್ಲಿ ಇಟ್ಟುಕೊಂಡು ಎರಡು ವರ್ಷ ಕಾಯಬಲ್ಲ ಎಂಬುದು ನನಗೆ ಇಂದಿಗೂ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಇದನ್ನು ಓದಿದವರು ಇದನ್ನೂ ಓದಿದ್ದಾರೆ ಎಂದು ಮೊಬೈಲಿನ ಪರದೆ ಇವತ್ತು ನಮಗೆ ಸೂಚಿಸುತ್ತದೆ, ಒಮ್ಮೊಮ್ಮೆ ಒಳ್ಳೆಯ ಪುಸ್ತಕವನ್ನೇ ಸೂಚಿಸುತ್ತದೆ. ಆದರೆ ನಿನಗೆ ಇದು ಈಗ ಬೇಡ ಎಂದು ಅದು ಹೇಳುವುದಿಲ್ಲ.

ಗ್ರಂಥಾಲಯಗಳ ವಿಷಯ ಬಂದಿದ್ದರಿಂದ ಇಷ್ಟು ಹೇಳಿಬಿಡುತ್ತೇನೆ. ನಮ್ಮಲ್ಲಿ 1965ರಲ್ಲಿಯೇ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದಿದೆ, ಮನೆ ಕಂದಾಯದೊಡನೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. 2019ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು, ಈಗ ಅವುಗಳಿಗೆ ಅರಿವು ಕೇಂದ್ರ ಎಂಬ ಹೆಸರಿದೆ. ಅನೇಕ ಕಡೆ ಗೋಡೆಗೆ ಬಣ್ಣ ಬಂದಿದೆ, ಕಂಪ್ಯೂಟರು ಬಂದಿದೆ, ಮಕ್ಕಳು ಬರುತ್ತಿದ್ದಾರೆ. ಇದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಗಿದೆ. ಆದರೆ ಅಲ್ಲಿ ಮೇಜಿನ ಹಿಂದೆ ಕುಳಿತಿರುವ ಮೇಲ್ವಿಚಾರಕರಿಗೆ ನೆಮ್ಮದಿಯಿಂದ ಬದುಕುವಷ್ಟು ಸಂಬಳ, ತಾವೂ ಕುಳಿತು ಓದುವಷ್ಟು ಬಿಡುವು ಇರಬೇಕು. ತಾವು ಓದದವರು ಇನ್ನೊಬ್ಬರಿಗೆ ಯಾವ ಪುಸ್ತಕವನ್ನು ತೆಗೆದಿಟ್ಟಾರು? ಖರ್ಚಿನ ಲೆಕ್ಕ ಬರೆಯುವಾಗ ಕಟ್ಟಡಕ್ಕಿಂತ ಮೊದಲು ಆ ಮನುಷ್ಯನ ಹೆಸರು ಬರಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಆ ಬೇಸಿಗೆಯಲ್ಲಿ ನಾನು ಕಾದಂಬರಿಯನ್ನು ನಾಲ್ಕು ದಿನದಲ್ಲಿ ಓದಿ ಮುಗಿಸಿದೆ. ಮೂರು ತಲೆಮಾರಿನ ಆ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತವಳು ಸರಸೋತಿ. ರಾಮ ಐತಾಳರ ತಂಗಿ, ಎಳೆಯ ವಯಸ್ಸಿಗೇ ವಿಧವೆಯಾಗಿ ಅಣ್ಣನ ಮನೆಯಲ್ಲಿ ಉಳಿದವಳು, ಅತ್ತಿಗೆ ಪಾರೋತಿಯೊಡನೆ ಆ ಮನೆಯ ದುಡಿಮೆಯನ್ನೆಲ್ಲ ಹೊತ್ತವಳು. ನಮ್ಮ ಮನೆಯಲ್ಲಿಯೂ ಅಂಥ ಒಬ್ಬ ಸೋದರತ್ತೆ ಇದ್ದರು. ಮದುವೆಯಾದ ಎರಡೇ ವರ್ಷಕ್ಕೆ ಹಿಂದಿರುಗಿ ಬಂದವರು. ಕೊಟ್ಟಿಗೆ, ಒಲೆ, ರಾಗಿ ಬೀಸುವುದು, ಕಳೆ ಕೀಳುವುದು ಎಲ್ಲವೂ ಅವರದೇ. ಹದಿನಾರು ವರ್ಷ ಒಂದೇ ಸೂರಿನಡಿಯಲ್ಲಿದ್ದರೂ ನಾನು ಅವರನ್ನು ನೋಡಿರಲಿಲ್ಲ ಎಂದೇ ಹೇಳಬೇಕು. ಪುಸ್ತಕದಿಂದ ತಲೆಯೆತ್ತಿದ ಆ ಮಧ್ಯಾಹ್ನ ಅವರು ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಹೆಬ್ಬೆರಳಿನ ಉಗುರು ಕಪ್ಪಾಗಿ ಸೀಳಿತ್ತು. ಆ ಉಗುರನ್ನು ನಾನು ನೋಡಿದ್ದು ಅಂದೇ ಮೊದಲು.

ಅತ್ತೆಗೆ ಓದು ಬರುತ್ತಿರಲಿಲ್ಲ. ಅಂದು ಸಂಜೆಯಿಂದ ಅವರು ಕೆಲಸ ಮಾಡುತ್ತಿದ್ದ ಜಾಗದಲ್ಲಿಯೇ ಕುಳಿತು ಆ ಕಾದಂಬರಿಯನ್ನು ಅವರಿಗೆ ಓದಿ ಹೇಳತೊಡಗಿದೆ. ಕಡಲು, ಕರಾವಳಿಯ ಮಳೆ, ತೆಂಗಿನ ತೋಟ, ಅವರು ಎಂದೂ ಕಾಣದ ಸೀಮೆ. ತಲೆ ಎತ್ತದೆ ಕೇಳಿಸಿಕೊಳ್ಳುತ್ತಿದ್ದರು, ಆಗೊಮ್ಮೆ ಈಗೊಮ್ಮೆ ಹ್ಞೂಂ ಎನ್ನುತ್ತಿದ್ದರು. ಮೂರನೆಯ ದಿನವೋ ನಾಲ್ಕನೆಯ ದಿನವೋ ಕೈಯ ಕೆಲಸ ನಿಲ್ಲಿಸಿ ಕೇಳಿದರು: "ಎಲ್ಲಾರ್ಗೂ ಇಕ್ಕಿದ್ದು ಬರ್ದವ್ರಲ್ಲ ಮಗ, ಆ ಸರಸೋತಿ ಉಂಡಿದ್ದು ಯಾವಾಗ? ಅದ್ನ ಬರ್ದವ್ರಾ?"

ನಾನು ಪುಸ್ತಕವನ್ನು ಮೊದಲಿನಿಂದ ತಿರುವಿ ಹುಡುಕತೊಡಗಿದೆ.