ಬೆನ್ ಹಂಟ್ ಕೈಯಿಂದ ಜಾರಿದ ಚೆಂಡು: ಫಾರ್ಮ್ ಹೋಗೋದು ಅಂದ್ರೆ ಏನು?

[ದೃಶ್ಯ: ರಾತ್ರಿ. ಸಿಡ್ನಿಯ ಒಲಿಂಪಿಕ್ ಪಾರ್ಕ್ ಸ್ಟೇಡಿಯಂ, ಮೇಲಿನಿಂದ]

2015ರ ಅಕ್ಟೋಬರ್ 4. ಆಸ್ಟ್ರೇಲಿಯಾದ ರಗ್ಬಿ ಲೀಗ್ ಫೈನಲ್. 80 ಸಾವಿರಕ್ಕೂ ಜಾಸ್ತಿ ಜನ ಸ್ಟೇಡಿಯಂ ಒಳಗಿದ್ದಾರೆ. ಬ್ರಿಸ್ಬೇನ್ ಬ್ರಾಂಕೋಸ್ 16, ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ 12. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಕೌಬಾಯ್ಸ್‌ನ ಕೈಲ್ ಫೆಲ್ಟ್ ಎದುರಾಳಿ ಗೆರೆಯಾಚೆ, ಮೂಲೆಯಲ್ಲಿ ಚೆಂಡು ಊರಿದರು. 16-16. ಗೆಲ್ಲಲು ಒಂದೇ ಕಿಕ್ ಸಾಕಿತ್ತು. ಜೊನಾಥನ್ ಥರ್ಸ್ಟನ್ ಬದಿಯ ಗೆರೆ ಪಕ್ಕದಿಂದ ಒದ್ದರು. ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು.

ಈಗ ಗೋಲ್ಡನ್ ಪಾಯಿಂಟ್. ಯಾರು ಮೊದಲು ಅಂಕ ತೆಗೆಯುತ್ತಾರೋ ಕಪ್ ಅವರದ್ದು.

ಕಿಕ್-ಆಫ್‌ನ ಚೆಂಡು ಎತ್ತರಕ್ಕೆ ಹಾರಿ ಬ್ರಾಂಕೋಸ್ ಹಾಫ್‌ಬ್ಯಾಕ್ ಬೆನ್ ಹಂಟ್ ಕಡೆ ಬಂತು. ಪಕ್ಕದಲ್ಲಿ ಯಾರೂ ಇಲ್ಲ, ಯಾರೂ ತಳ್ಳಲಿಲ್ಲ. ಅಭ್ಯಾಸದಲ್ಲಿ ಸಾವಿರ ಸಲ ಹಿಡಿದಿರುವಂಥ ಚೆಂಡು. ಕೈಗೆ ಬಂದದ್ದು ಜಾರಿತು. ಹಂಟ್ ನೆಲಕ್ಕೆ ಕುಸಿದು ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಥರ್ಸ್ಟನ್ ಫೀಲ್ಡ್ ಗೋಲ್ ಹೊಡೆದರು, ಅಂದ್ರೆ ಆಟ ನಡೆಯುತ್ತಿರುವಾಗಲೇ ಚೆಂಡನ್ನು ಕಂಬಗಳ ನಡುವೆ ಒದ್ದರು. 17-16. ಕೌಬಾಯ್ಸ್‌ಗೆ ಮೊಟ್ಟಮೊದಲ ಕಪ್.

ಆ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

[ದೃಶ್ಯ: ನಿರೂಪಕ]

ನಮಸ್ಕಾರ. ರಗ್ಬಿ ಲೀಗ್ ಸೀಸನ್ ಶುರುವಾಗುವುದು ಮಾರ್ಚ್ ಹೊತ್ತಿಗೆ. ಅದಕ್ಕೂ ಮುಂಚೆ ಅಭಿಮಾನಿಗಳ ನಡುವೆ ಒಂದು ಜಗಳ ಇದ್ದೇ ಇರುತ್ತದೆ. ಹೋದ ವರ್ಷ ಚೆನ್ನಾಗಿ ಆಡದ ಆಟಗಾರ ಈ ವರ್ಷ ಎದ್ದು ಬರ್ತಾನಾ? ಇಲ್ಲ, ಅವನ ಕಥೆ ಮುಗೀತಾ? ಈ ಜಗಳವನ್ನು ಬೆನ್ ಹಂಟ್ ಒಬ್ಬರ ಮೇಲೇ ಎರಡು ಸಲ, ಎರಡು ಊರಿನವರು ಆಡಿದ್ದಾರೆ. ಅದಕ್ಕೇ ಅವರ ಕಥೆ ಆರಿಸಿಕೊಂಡೆ.

ಮೊದಲು ಆಟ ಏನು ಅಂತ ಬೇಗ ಹೇಳಿಬಿಡುತ್ತೇನೆ. ತಂಡಕ್ಕೆ 13 ಜನ, 80 ನಿಮಿಷ. ಚೆಂಡು ಹಿಡಿದವನು ಮುಂದೆ ಓಡಬೇಕು, ಆದರೆ ಕೈಯಿಂದ ಪಾಸ್ ಮಾಡುವುದು ಹಿಂದಕ್ಕೆ ಮಾತ್ರ. ಟ್ಯಾಕಲ್ ಅಂದ್ರೆ ಏನು ಅಂತ ಕಬಡ್ಡಿ ನೋಡಿದವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಒಂದು ತಂಡಕ್ಕೆ ಸಿಗುವುದು ಆರು ಟ್ಯಾಕಲ್. ಅಷ್ಟರಲ್ಲಿ ಅಂಕ ಬರದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿ ಗೆರೆಯಾಚೆ ಚೆಂಡು ಊರುವುದು ಟ್ರೈ. ಅದಕ್ಕೆ 4 ಅಂಕ, ಅದರ ನಂತರದ ಕಿಕ್‌ಗೆ 2, ಫೀಲ್ಡ್ ಗೋಲ್‌ಗೆ 1.

ಇದರಲ್ಲಿ 7ನೇ ನಂಬರಿನ ಜೆರ್ಸಿ ಹಾಕುವವನೇ ಹಾಫ್‌ಬ್ಯಾಕ್. ತಂಡವನ್ನು ನಡೆಸುವವನು. ಯಾವಾಗ ಒದೆಯಬೇಕು, ಯಾವ ಕಡೆ ಪಾಸ್ ಕೊಡಬೇಕು, ಎಲ್ಲ ಅವನ ತಲೆಯಲ್ಲಿ. ಚೆಂಡು ಅವನ ಕೈಗೆ ಬರುತ್ತಲೇ ಇರುತ್ತದೆ, ಹಾಗಾಗಿ ತಪ್ಪು ಮಾಡಿದರೆ ಎಲ್ಲರಿಗೂ ಕಾಣುತ್ತದೆ. ಮುಂದಿನ ಸಾಲಿನ ಆಟಗಾರನ ತಪ್ಪು ಜನರ ಗುಂಪಿನಲ್ಲಿ ಮುಚ್ಚಿಹೋಗುತ್ತದೆ.

[ದೃಶ್ಯ: ರೇಖಾಚಿತ್ರ. ಒಬ್ಬ ಆಟಗಾರ ಬಿದ್ದಿದ್ದಾನೆ, ಎದುರಾಳಿ ಸಾಲು ಹಿಂದಕ್ಕೆ ಹೋಗುತ್ತಿದೆ]

ಈ ಚಿತ್ರವನ್ನು ಸ್ವಲ್ಪ ನಿಧಾನವಾಗಿ ನೋಡಿ. ಟ್ಯಾಕಲ್ ಆದ ಮೇಲೆ ಬಿದ್ದವನು ಎದ್ದು, ಕಾಲಿನಿಂದ ಚೆಂಡನ್ನು ಹಿಂದಕ್ಕೆ ಉರುಳಿಸುತ್ತಾನೆ. ಅಷ್ಟರಲ್ಲಿ ಎದುರಾಳಿ ಸಾಲು 10 ಮೀಟರ್ ಹಿಂದೆ ಹೋಗಿರಬೇಕು. ಬಿದ್ದವನು ಬೇಗ ಎದ್ದರೆ ಎದುರಾಳಿಗಳು ಇನ್ನೂ ಹಿಂದಕ್ಕೆ ಓಡುತ್ತಿರುತ್ತಾರೆ. ಹಾಫ್‌ಬ್ಯಾಕ್‌ಗೆ ಜಾಗ ಸಿಗುತ್ತದೆ, ಯೋಚನೆ ಮಾಡಲು ಹೊತ್ತು ಸಿಗುತ್ತದೆ. ಅವನು ಏಳುವುದು ತಡವಾದರೆ ಎದುರಾಳಿ ಸಾಲು ಆಗಲೇ ನೆಟ್ಟಗೆ ನಿಂತಿರುತ್ತದೆ. ಹಾಫ್‌ಬ್ಯಾಕ್ ಚೆಂಡು ಹಿಡಿಯುವ ಹೊತ್ತಿಗೆ ಇಬ್ಬರು ಮೂವರು ಮೈಮೇಲೆ ಬಿದ್ದಿರುತ್ತಾರೆ.

ಒಬ್ಬನೇ ಆಟಗಾರ, ಅದೇ ಕೈ, ಅದೇ ಕಾಲು. ಒಂದು ವಾರ ಜಾಣನ ಹಾಗೆ ಕಾಣುತ್ತಾನೆ, ಮುಂದಿನ ವಾರ ದಡ್ಡನ ಹಾಗೆ. ಮುಂದಿನ ಸಾಲಿನವರು ಟ್ಯಾಕಲ್‌ನಿಂದ ಬೇಗ ಏಳಲಾಗದೆ ಸೋತಿದ್ದಕ್ಕೆ ಬೈಗುಳ ಹಾಫ್‌ಬ್ಯಾಕ್‌ಗೆ. ಟೇಬಲ್ ನೋಡಿ, ಅಂಕಿ ನೋಡಿ "ಅವನ ಫಾರ್ಮ್ ಹೋಯ್ತು" ಅನ್ನುವವರ ಹತ್ತಿರ ನನ್ನ ಜಗಳ ಇರುವುದು ಇಲ್ಲೇ.

ಸರಿ, ಹಂಟ್ ಹತ್ತಿರ ಬರೋಣ. ಕ್ವೀನ್ಸ್‌ಲ್ಯಾಂಡ್‌ನ ರಾಕ್‌ಹ್ಯಾಂಪ್ಟನ್‌ನಲ್ಲಿ 1990ರಲ್ಲಿ ಹುಟ್ಟಿದವರು. 2009ರಿಂದ ಬ್ರಾಂಕೋಸ್‌ಗೆ ಆಡಿದವರು. 2015ರಲ್ಲಿ ತಂಡ ಫೈನಲ್‌ಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಆದರೆ ಇಡೀ ಸೀಸನ್‌ ಆಡಿದ್ದನ್ನು ಒಂದು ಚೆಂಡು ನುಂಗಿ ಹಾಕಿತು. 2017ರ ಶುರುವಿನಲ್ಲಿ ಅವರು ಸಿಡ್ನಿ ಕಡೆಯ ಸೇಂಟ್ ಜಾರ್ಜ್ ಇಲವಾರ ಡ್ರ್ಯಾಗನ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಐದು ವರ್ಷಕ್ಕೆ ಸುಮಾರು 60 ಲಕ್ಷ ಡಾಲರ್ ಅಂತ ಪತ್ರಿಕೆಗಳು ಬರೆದವು. ಆದರೆ ಆ ವರ್ಷ ಇನ್ನೂ ಬ್ರಾಂಕೋಸ್‌ಗೇ ಆಡಬೇಕಿತ್ತು. ಮಧ್ಯದಲ್ಲಿ ಗಾಯ. ವಾಪಸ್ ಬರುವಷ್ಟರಲ್ಲಿ 7ನೇ ನಂಬರ್ ಕೋಡಿ ನಿಕೊರಿಮಾ ಕೈ ಸೇರಿತ್ತು. ಹಂಟ್ ಕೆಳಗಿನ ಲೀಗ್‌ನ ಇಪ್ಸ್‌ವಿಚ್ ಜೆಟ್ಸ್ ತಂಡಕ್ಕೆ ಆಡಬೇಕಾಯಿತು.

ಡ್ರ್ಯಾಗನ್ಸ್ ಅಭಿಮಾನಿಗಳ ಜಾಗದಲ್ಲಿ ನಿಂತು ಯೋಚಿಸಿ. ಅಷ್ಟು ದುಡ್ಡು ಕೊಟ್ಟು ಕರೆಸಿದವರು ಕೆಳಗಿನ ಲೀಗ್‌ನಲ್ಲಿ ಆಡುತ್ತಿದ್ದಾರೆ. ರಗ್ಬಿ ಲೀಗ್‌ನಲ್ಲಿ ಸ್ಯಾಲರಿ ಕ್ಯಾಪ್ ಇದೆ. ಒಂದು ಕ್ಲಬ್ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬಹುದು ಅಂತ ಮಿತಿ. ಒಬ್ಬರಿಗೆ ವರ್ಷಕ್ಕೆ 12 ಲಕ್ಷ ಹೋದರೆ ಉಳಿದವರ ತಟ್ಟೆಯಲ್ಲಿ ಅಷ್ಟು ಕಡಿಮೆ. ಅವರಿಗೆ ಕೋಪ ಬಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಸಂಬಳದ ಮೇಲಿನ ಸಿಟ್ಟು ಆಟದ ಲೆಕ್ಕಕ್ಕೆ ಸೇರಿಕೊಂಡುಬಿಡುತ್ತದೆ. 3 ಲಕ್ಷದ ಆಟಗಾರ ಇದೇ ಆಟ ಆಡಿದ್ದರೆ "ಪರವಾಗಿಲ್ಲ" ಅನ್ನುತ್ತಿದ್ದವರು, 12 ಲಕ್ಷದವನಿಗೆ "ದಂಡ" ಅಂತಾರೆ.

[ದೃಶ್ಯ: ಕೊಗರಾ ಮೈದಾನ, ಕೆಂಪು ಬಿಳಿ ಬಾವುಟಗಳು]

2018ರ ಮೊದಲ ಪಂದ್ಯ. ಸಿಡ್ನಿಯ ಕೊಗರಾದಲ್ಲಿ, ಡ್ರ್ಯಾಗನ್ಸ್‌ನ ತವರು ಮೈದಾನದಲ್ಲಿ, ಡ್ರ್ಯಾಗನ್ಸ್ ಎದುರು ಬ್ರಾಂಕೋಸ್. ಹಂಟ್ ಹಳೆಯ ತಂಡದ ವಿರುದ್ಧ. ಡ್ರ್ಯಾಗನ್ಸ್ 34-12ರಿಂದ ಗೆದ್ದಿತು. ಅದೇ ವರ್ಷ ನಾಕೌಟ್‌ನಲ್ಲಿ ಬ್ರಿಸ್ಬೇನ್‌ಗೇ ಹೋಗಿ ಬ್ರಾಂಕೋಸ್‌ನ್ನು 48-18ರಿಂದ ಸೋಲಿಸಿತು. ಜಗಳ ಮುಗೀತು ಅಂದುಕೊಂಡಿರಾ? ಅದೇ ವರ್ಷ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವಿನ ಸ್ಟೇಟ್ ಆಫ್ ಆರಿಜಿನ್ ಸರಣಿಯಲ್ಲಿ ಕ್ವೀನ್ಸ್‌ಲ್ಯಾಂಡ್ ಎರಡು ಪಂದ್ಯ ಸೋತ ಮೇಲೆ ಹಂಟ್ ಕೈಯಿಂದ 7ನೇ ನಂಬರ್ ಹೋಯಿತು. ಒಂದೇ ವರ್ಷ, ಒಬ್ಬನೇ ಆಟಗಾರ. ಒಂದು ಜೆರ್ಸಿಯಲ್ಲಿ ಗೆಲುವು, ಇನ್ನೊಂದರಲ್ಲಿ ಸೋಲು.

ಅಲ್ಲಿಂದ 2024ರವರೆಗೆ ಡ್ರ್ಯಾಗನ್ಸ್ ಫೈನಲ್ಸ್ ಹಂತಕ್ಕೇ, ಅಂದ್ರೆ ಸೀಸನ್ ಕೊನೆಯ ನಾಕೌಟ್ ವಾರಗಳಿಗೇ, ಬರಲಿಲ್ಲ. ಆ ವರ್ಷಗಳಲ್ಲೇ ಹಂಟ್ ಕ್ವೀನ್ಸ್‌ಲ್ಯಾಂಡ್‌ಗೆ ಬೇರೆ ಕೆಲಸ ಮಾಡಿದರು. 9ನೇ ನಂಬರ್, ಅಂದ್ರೆ ಹುಕರ್. ನೆಲದಿಂದ ಚೆಂಡು ಎತ್ತಿ ಮೊದಲ ಪಾಸ್ ಕೊಡುವವನು. ಜೊತೆಗೆ ಮಧ್ಯದಲ್ಲಿ ಟ್ಯಾಕಲ್ ಮೇಲೆ ಟ್ಯಾಕಲ್ ಮಾಡಬೇಕು. ಮೈಮುರಿಯುವ ಕೆಲಸ, ಚಪ್ಪಾಳೆ ಕಡಿಮೆ.

2022ರ ಜುಲೈ 13, ಬ್ರಿಸ್ಬೇನ್. ಆರಿಜಿನ್‌ನ ನಿರ್ಣಾಯಕ ಪಂದ್ಯದ ಕೊನೆಯ ನಿಮಿಷಗಳು. ನ್ಯೂ ಸೌತ್ ವೇಲ್ಸ್‌ನ ನೇಥನ್ ಕ್ಲಿಯರಿ ಚೆಂಡನ್ನು ಮೆಲ್ಲಗೆ ಮೇಲಕ್ಕೆ ಒದ್ದರು. ಹಂಟ್ ಅಡ್ಡ ಬಂದರು. ಚೆಂಡು ಅವರ ಕೈಗೆ ಬಂತು, ಈ ಸಲ ನಿಂತಿತು. ಮುಂದೆ ಯಾರೂ ಇಲ್ಲ. ಇಡೀ ರಾಜ್ಯ ಕೂಗುತ್ತಿರುವಾಗ ಓಡಿ ಟ್ರೈ ಹಾಕಿದರು. 22-12. ಸರಣಿ ಕ್ವೀನ್ಸ್‌ಲ್ಯಾಂಡ್‌ಗೆ.

ಎರಡನೇ ಜಗಳ 2025ರ ಸೀಸನ್‌ಗೆ ಮುಂಚೆ. ಡ್ರ್ಯಾಗನ್ಸ್ ಬಿಟ್ಟು ಹಂಟ್ ವಾಪಸ್ ಬ್ರಾಂಕೋಸ್‌ಗೆ ಬಂದರು. ಮಾರ್ಚ್‌ನಲ್ಲಿ 35 ತುಂಬುತ್ತಿತ್ತು. ಬ್ರಾಂಕೋಸ್ ಹಿಂದಿನ ವರ್ಷ 12ನೇ ಸ್ಥಾನ. 7ನೇ ನಂಬರ್‌ಗೆ ಆಡಂ ರೆನಾಲ್ಡ್ಸ್ ಆಗಲೇ ಇದ್ದರು. ಅವರೂ ಹೆಚ್ಚುಕಡಿಮೆ ಇದೇ ವಯಸ್ಸಿನವರು. ಇಂಥ ಹೊತ್ತಲ್ಲಿ "ವಯಸ್ಸಾದವರನ್ನು ಯಾಕೆ ಕರೆತಂದ್ರಿ" ಅನ್ನೋ ಪ್ರಶ್ನೆ ಸಹಜ. ನಾನು ಕೇಳುತ್ತಿದ್ದ ಪ್ರಶ್ನೆ ಬೇರೆ. ಇವರನ್ನು ಎಲ್ಲಿ ನಿಲ್ಲಿಸ್ತೀರಿ? ಇಡೀ ತಂಡದ ಭಾರ ಹೆಗಲ ಮೇಲಿದ್ದಾಗ ಹಂಟ್ ಒಂಥರಾ. ಪಕ್ಕದಲ್ಲಿ ರೆನಾಲ್ಡ್ಸ್ ಥರದವರು, ಮುಂದೆ ಪೇನ್ ಹಾಸ್ ಥರ ಎದುರಾಳಿಗಳನ್ನು ಹಿಂದಕ್ಕೆ ತಳ್ಳುವವರು ಇದ್ದಾಗ ಇನ್ನೊಂಥರಾ. ಸೀಸನ್‌ಗೆ ಮುಂಚೆ ಫೆಬ್ರವರಿಯಲ್ಲಿ ಆಡುವ ಟ್ರಯಲ್ ಮ್ಯಾಚ್ ನೋಡಿ ಇದನ್ನು ಹೇಳೋಕೆ ಆಗಲ್ಲ. ಅಲ್ಲಿ ದೊಡ್ಡ ಆಟಗಾರರು ಎಷ್ಟೋ ಸಲ ಅರ್ಧಕ್ಕೇ ಹೊರಗೆ ಬಂದುಬಿಡುತ್ತಾರೆ.

[ದೃಶ್ಯ: ಕ್ಯಾನ್ಬೆರಾ ಮೈದಾನ, ಹಸಿರು ಜೆರ್ಸಿಗಳ ಜನಸಾಗರ]

2025ರ ಸೆಪ್ಟೆಂಬರ್. ಫೈನಲ್ಸ್‌ನ ಮೊದಲ ವಾರ. ಎದುರಾಳಿ, ಟೇಬಲ್‌ನಲ್ಲಿ ಮೊದಲ ಸ್ಥಾನದ ಕ್ಯಾನ್ಬೆರಾ ರೈಡರ್ಸ್. ಅದೂ ಅವರ ಊರಲ್ಲೇ. 28-12 ಹಿಂದೆ ಇದ್ದ ಬ್ರಾಂಕೋಸ್ 28-28 ಮಾಡಿತು. ಮತ್ತೆ ಅದೇ ಗೋಲ್ಡನ್ ಪಾಯಿಂಟ್. ಎರಡೂ ತಂಡದವರ ಕಾಲು ಸೋತಿದೆ. 94ನೇ ನಿಮಿಷ. ಚೆಂಡು ಹಿಂದಕ್ಕೆ ಬಂತು, ಹಂಟ್ ಹಿಡಿದರು, ಒದ್ದರು. ಕಂಬಗಳ ನಡುವೆ ಹೋಯಿತು. 29-28.

ಅದಾಗಿ ಮೂರು ವಾರಕ್ಕೆ, ಅಕ್ಟೋಬರ್ 5ರಂದು, ಬ್ರಾಂಕೋಸ್ ಮೆಲ್ಬರ್ನ್ ಸ್ಟಾರ್ಮ್‌ನ್ನು 26-22ರಿಂದ ಸೋಲಿಸಿ 2006ರ ನಂತರ ಮೊದಲ ಸಲ ಕಪ್ ಎತ್ತಿತು. ಹಂಟ್ ಆ ತಂಡದಲ್ಲಿದ್ದರು. ಚೆಂಡು ಜಾರಿ ಹತ್ತು ವರ್ಷ, ಒಂದು ದಿನ ಆಗಿತ್ತು. ಸ್ಟೇಡಿಯಂ ಅದೇ.